ಓಟಿಲ್ಲದವರ ಹಾಸ್ಟೆಲ್ಲು

ಪಾರ್ಟಿಯ ಹೆಸರು ಹೇಳುವುದಿಲ್ಲ. ಹೇಳಿದರೆ ಓದುವವರಲ್ಲಿ ಅರ್ಧ ಜನ 'ನಮ್ಮದು ಹಾಗಲ್ಲ' ಎಂದು ನೆಮ್ಮದಿಯಾಗಿ ಪುಟ ತಿರುಗಿಸುತ್ತಾರೆ. ಇನ್ನರ್ಧ ಜನ 'ನಾವು ಮೊದಲೇ ಹೇಳಿರಲಿಲ್ಲವೇ' ಎನ್ನುತ್ತಾರೆ. ಈ ಎರಡು ಬಗೆಯ ನೆಮ್ಮದಿಯನ್ನೂ ಯಾರಿಗೂ ಕೊಡುವ ಮನಸ್ಸು ನನಗಿಲ್ಲ. ನನ್ನ ಸಿಟ್ಟು ಇನ್ನೂ ಇಳಿದಿಲ್ಲ.

ನಾನು ಗದಗ ಕಡೆಯವಳು, ಬ್ಯಾಂಕಿನ ಕೆಲಸದವಳು. ಆಫೀಸರಾದ ಮೇಲೆ ಮೊದಲ ಪೋಸ್ಟಿಂಗ್ ಸಿಕ್ಕಿದ್ದು ವಿಜಯವಾಡದ ಒನ್ ಟೌನಿನಲ್ಲಿ. ಬ್ರಾಂಚಿನ ಸುತ್ತ ಬಟ್ಟೆ, ಮೆಣಸಿನಕಾಯಿ, ಪಾತ್ರೆಗಳ ಹೋಲ್‌ಸೇಲ್ ಅಂಗಡಿಗಳು. ಬೆಳಿಗ್ಗೆ ಗಾಡಿಯಿಂದ ಮೂಟೆ ಇಳಿಸುವಾಗ ಹಾದು ಬಂದರೆ ಕೌಂಟರಿಗೆ ಸೀನುತ್ತಲೇ ಕೂರಬೇಕು. ಹತ್ತಿರದಲ್ಲೇ ಒಂದು ಬಟ್ಟೆ ವ್ಯಾಪಾರಿಯ ಮನೆಯ ಮಹಡಿಯ ಮೇಲೆ ಒಂದು ಪೋರ್ಷನ್ ಬಾಡಿಗೆಗೆ ಸಿಕ್ಕಿತು. ಅಲ್ಲಿ ಅರ್ಧ ಮನೆಯನ್ನು ಪೋರ್ಷನ್ ಎನ್ನುತ್ತಾರೆ. ಒಂದು ವಾರ ಚೆನ್ನಾಗಿಯೇ ನಡೆಯಿತು. ಆಮೇಲೆ ಒಂದು ದಿನ ಮೆಟ್ಟಿಲ ಹತ್ತಿರ ನಿಂತು ಮಾಲೀಕರು ನಗುನಗುತ್ತಾ ಕೇಳಿದರು, "ಮೀರೇವಿಟ್ಲು ಅಮ್ಮಾ?"

ನಮ್ಮ ಕಡೆ 'ನೀವು ಯಾವ ಪೈಕಿ' ಎಂದು ಕೇಳುತ್ತಾರಲ್ಲ, ಅದೇ ಪ್ರಶ್ನೆ. ಆಂಧ್ರದವರಿಗೆ ತಮ್ಮವರನ್ನು ಹಾಗೆ ಕೇಳುವ ಕಷ್ಟವಿಲ್ಲ, ಇಂಟಿಪೇರು ಎನ್ನುವ ಮನೆತನದ ಹೆಸರೇ ಎಲ್ಲ ಹೇಳಿಬಿಡುತ್ತದೆ. ನನ್ನ ಹೆಸರಿನ ಹಿಂದೆ ಇರುವುದು ಊರಿನ ಹೆಸರು. ಅದರಿಂದ ಅವರಿಗೆ ಏನೂ ಹೊಳೆಯಲಿಲ್ಲ, ಪಾಪ. ಅವರು ಕೇಳಿದ್ದಕ್ಕೆ ನಾನು ಉತ್ತರ ಕೊಟ್ಟೆ. ಪರಿಶಿಷ್ಟ ಜಾತಿ ಎಂದೆ. ಅವರ ನಗು ಅಲ್ಲೇ ಇತ್ತು, ಕಣ್ಣು ಮಾತ್ರ ಬೇರೆ ಕಡೆ ಹೋಯಿತು. ಮರುದಿನ ಅವರ ಮಗಳ ಸಂಸಾರ ದಿಢೀರನೆ ವಾಪಸು ಬರುವುದಾಗಿಯೂ, ನಾನು ತಿಂಗಳೊಳಗೆ ಬೇರೆ ಮನೆ ನೋಡಿಕೊಳ್ಳಬೇಕೆಂದೂ ಹೇಳಿದರು.

ಬೀದಿಯ ತುದಿಯಲ್ಲಿ ಒಬ್ಬ ಹೆಂಗಸು ಕರ್ರಿ ಪಾಯಿಂಟ್ ನಡೆಸುತ್ತಿದ್ದಳು. ಅನ್ನ ಮನೆಯಲ್ಲಿ ಮಾಡಿಕೊಂಡು, ಪಲ್ಯ, ಪಪ್ಪು, ಪುಲುಸು ಮಾತ್ರ ಪೊಟ್ಟಣದಲ್ಲಿ ಕಟ್ಟಿಸಿಕೊಂಡು ಹೋಗುವ ಅಂಗಡಿ. ಒಂಟಿ ನೌಕರದಾರರನ್ನು ಆ ಊರಲ್ಲಿ ಸಾಕುತ್ತಿರುವುದೇ ಅಂಥ ಅಂಗಡಿಗಳು. ಆಕೆ ಆ ವಾರ್ಡಿನಲ್ಲಿ ಪಾರ್ಟಿಯ ಕಾರ್ಯಕರ್ತೆ ಕೂಡ. ನನ್ನ ಮುಖ ನೋಡಿ ಏನಾಯಿತು ಎಂದು ಕೇಳಿದಳು, ನಾನು ಹೇಳಿದೆ. ಅಷ್ಟೇ. ಸಂಜೆ ನಾನು ಬ್ಯಾಂಕಿನಿಂದ ಬರುವಷ್ಟರಲ್ಲಿ ಆಕೆ ನಾಲ್ಕಾರು ಹೆಂಗಸರನ್ನು ಕಟ್ಟಿಕೊಂಡು ವ್ಯಾಪಾರಿಯ ಮೆಟ್ಟಿಲ ಮೇಲೆ ಕೂತಿದ್ದಳು, ಕೈಯಲ್ಲಿ ಪಾರ್ಟಿಯ ಬಾವುಟ. "ಜಾತಿ ಕೇಳಿ ಮನೆ ಬಿಡಿಸಬಾರದು ಅನ್ನೋದು ನಮ್ಮ ಪಾರ್ಟಿಯ ಮಾತು. ಈ ಹುಡುಗಿ ಇರ್ತಾಳೆ. ಇಲ್ಲದಿದ್ದರೆ ನಾವೂ ಇಲ್ಲೇ ಇರ್ತೀವಿ, ನಮಗೂ ಅಡುಗೆ ಮಾಡಿಸಿ," ಎಂದು ತೆಲುಗಿನಲ್ಲಿ ಬೀದಿಗೆಲ್ಲ ಕೇಳುವ ಹಾಗೆ ಹೇಳುತ್ತಿದ್ದಳು. ವ್ಯಾಪಾರಿ ಮಾನಕ್ಕೆ ಹೆದರುವ ಮನುಷ್ಯ. ಮಗಳ ಸಂಸಾರ ಬರಲೇ ಇಲ್ಲ. ವರ್ಗವಾಗುವ ತನಕ ನಾನು ಅಲ್ಲೇ ಇದ್ದೆ.

ವರ್ಗವಾಗಿ ಬರುವ ಕನ್ನಡದ ಬ್ಯಾಂಕಿನವರು ಓಟನ್ನು ಜೊತೆಗೆ ತರುವುದಿಲ್ಲ. ಗ್ಯಾಸ್ ಕನೆಕ್ಷನ್ ತರುತ್ತಾರೆ, ಮಕ್ಕಳ ಟಿಸಿ ತರುತ್ತಾರೆ, ಉಪ್ಪಿನಕಾಯಿ ಭರಣಿಯನ್ನು ಮಡಿಲಲ್ಲಿಟ್ಟುಕೊಂಡು ತರುತ್ತಾರೆ, ಓಟು ಮಾತ್ರ ಊರಲ್ಲೇ ಬಿದ್ದಿರುತ್ತದೆ. ಇಲ್ಲಿ ಚುನಾವಣೆ ಎಂದರೆ ಅವರಿಗೆ ಒಂದು ದಿನದ ರಜೆ. ನಾನೂ ಹಾಗೇ ಇದ್ದೆ. ಆ ಸಂಜೆಯ ನಂತರ ನನ್ನ ಓಟನ್ನು ವಿಜಯವಾಡಕ್ಕೆ ತರಿಸಿಕೊಂಡೆ. ನನ್ನ ಪರವಾಗಿ ಮೆಟ್ಟಿಲ ಮೇಲೆ ಕೂತ ಪಾರ್ಟಿಗೆ ನನ್ನ ಓಟು ಸಲ್ಲಬೇಕು ಎಂದು ಹಟ ಹಿಡಿದೆ. ಬ್ರಾಂಚಿನಲ್ಲಿದ್ದ ಧಾರವಾಡದವರೊಬ್ಬರು, "ಏನ್ರೀ ಮೇಡಂ, ಇಲ್ಲೇ ಎಂಎಲ್‌ಎಗೆ ನಿಲ್ಲಾವ್ರೇನ್ರಿ?" ಎಂದು ಚುಡಾಯಿಸುತ್ತಿದ್ದರು. ನಾನು ನಗುತ್ತಿದ್ದೆ. ಮನಸ್ಸಿನಲ್ಲಿ ಮಾತ್ರ ಆ ಬಾವುಟದ ಬಣ್ಣ ಕಂಡರೆ ತವರಿನವರು ಬಂದಂತಾಗುತ್ತಿತ್ತು.

ಮುಂದೆ ವಿಶಾಖಪಟ್ಟಣಕ್ಕೆ ವರ್ಗವಾಯಿತು. ಎಂವಿಪಿ ಕಾಲೋನಿಯಲ್ಲಿ ಒಂದು ಫ್ಲ್ಯಾಟು, ಮಾಲೀಕರು ಹೈದರಾಬಾದಿನಲ್ಲಿ, ಎಲ್ಲ ಮಾತುಕತೆ ಫೋನಿನಲ್ಲೇ. ಅಪ್ಪ ತೀರಿಕೊಂಡಿದ್ದರಿಂದ ಅವ್ವನನ್ನು ಕರೆದುಕೊಂಡು ಬಂದೆ. ಓಟುಗಳನ್ನೂ ಕರೆದುಕೊಂಡು ಬಂದೆ, ಈ ಸಲ ಎರಡು.

ಅವ್ವ ದಿನಾ ಬೆಳಿಗ್ಗೆ ಸ್ನಾನ ಮುಗಿಸಿ ಹಣೆಗೆ ಮೂರೆಳೆ ವಿಭೂತಿ ಹಚ್ಚಿಕೊಳ್ಳುತ್ತಾಳೆ. ನಮ್ಮ ಊರಿನ ಮಠಕ್ಕೆ ನಮ್ಮ ಕೇರಿಯವರೂ ನಡೆದುಕೊಳ್ಳುತ್ತಾರೆ, ಅಲ್ಲಿಂದ ಬಂದ ರೂಢಿ ಅದು. ಅಪಾರ್ಟ್‌ಮೆಂಟಿನವರು ಆ ವಿಭೂತಿ ನೋಡಿ, ನಾವು ಮೊಟ್ಟೆ ಕೂಡ ಬೇಯಿಸದ ಶೈವ ಪುರೋಹಿತರ ಪೈಕಿ ಎಂದು ತಾವೇ ತೀರ್ಮಾನ ಮಾಡಿಬಿಟ್ಟರು. ಆ ಕರಾವಳಿಯಲ್ಲಿ ವಿಭೂತಿ ಹಚ್ಚುವವರು ಅವರೇ, ಮಿಕ್ಕವರದು ತಿರುನಾಮ, ಕುಂಕುಮ, ಇಲ್ಲವೇ ಏನೂ ಇಲ್ಲ. ಕರ್ನಾಟಕದ ಹಣೆಯನ್ನು ಆಂಧ್ರದ ಲೆಕ್ಕದಲ್ಲಿ ಓದಿದರು. ಇದು ನನಗೆ ಬಹಳ ತಡವಾಗಿ ತಿಳಿಯಿತು. ವರಲಕ್ಷ್ಮಿ ವ್ರತದ ದಿನ ತಾಂಬೂಲಕ್ಕೆ ನನ್ನನ್ನೇ ಮೊದಲು ಕರೆಯುತ್ತಿದ್ದರು. ಬ್ಯಾಂಕಿನವಳು, ಲೋನ್ ಬೇಕಾದೀತು ಎಂದು ಮರ್ಯಾದೆ ಕೊಡುತ್ತಿದ್ದಾರೆ ಎಂದುಕೊಂಡಿದ್ದೆ. ಯಾರಾದರೂ ಕೇಳಿದ್ದರೆ ಹೇಳುತ್ತಿದ್ದೆ, ಒನ್ ಟೌನಿನಲ್ಲಿ ಹೇಳಿರಲಿಲ್ಲವೇ? ಯಾರೂ ಕೇಳಲಿಲ್ಲ.

ನಮ್ಮ ಹಿಂದಿನ ಬೀದಿಯಲ್ಲಿ ಬಾಡಿಗೆ ಕಟ್ಟಡದಲ್ಲಿ ಪರಿಶಿಷ್ಟ ಜಾತಿಯ ಹೆಣ್ಣುಮಕ್ಕಳ ಕಾಲೇಜು ಹಾಸ್ಟೆಲ್ಲಿತ್ತು. ನಮ್ಮ ಅಡುಗೆಮನೆಯ ಕಿಟಕಿಯಿಂದ ಅವರ ಟೆರೇಸು ಕಾಣುತ್ತದೆ. ಬಟ್ಟೆ ಒಣಹಾಕುತ್ತಾ ಪಾಠ ಒಪ್ಪಿಸುತ್ತಿದ್ದರು. ಅವರಲ್ಲಿ ಒಬ್ಬಳು ನರ್ಸಿಂಗ್ ಕೊನೆಯ ವರ್ಷದವಳು, ಶ್ರೀಕಾಕುಳಂ ಕಡೆಯ ಹುಡುಗಿ. ಒಮ್ಮೆ ರಸ್ತೆಯಲ್ಲಿ ತಲೆ ತಿರುಗಿ ಕೂತ ಅವ್ವನನ್ನು ಮನೆ ಮುಟ್ಟಿಸಿದ್ದಳು. ಅಂದಿನಿಂದ ಬಿಡುವಾದಾಗ ಬಂದು ಅವ್ವನ ಬಿಪಿ ನೋಡುತ್ತಿದ್ದಳು. ಅವಳಿಗೆ ಕನ್ನಡ ಬಾರದು, ಅವ್ವನಿಗೆ ತೆಲುಗು ಬಾರದು, ಇಬ್ಬರೂ ಗಂಟೆಗಟ್ಟಲೆ ಮಾತಾಡುತ್ತಿದ್ದರು. ಬೆಳಗಿನ ಡ್ಯೂಟಿಗೆ ಆಸ್ಪತ್ರೆಗೆ ಆರು ಗಂಟೆಯೊಳಗೆ ಹೋಗಬೇಕು, ತಪ್ಪಿದರೆ ಹಾಜರಿ ಹೋಗುತ್ತದೆ, ಹಾಜರಿ ಹೋದರೆ ಪರೀಕ್ಷೆಗೆ ಕೂರಿಸುವುದಿಲ್ಲ ಎಂದು ಅವಳು ಹೇಳಿದ್ದು ಅವ್ವನ ಮೂಲಕವೇ ನನಗೆ ಗೊತ್ತಾಗಿದ್ದು. ಅದು ಹೇಗೆ ಅರ್ಥವಾಯಿತೋ ಅವ್ವನೇ ಬಲ್ಲಳು.

ಚುನಾವಣೆಗೆ ಇನ್ನೂ ಕೆಲವು ತಿಂಗಳಿದ್ದಾಗ ಒಂದು ಸಂಜೆ ನಮ್ಮ ಬಾಗಿಲ ಬೆಲ್ಲು ಹೊಡೆಯಿತು. ಅಪಾರ್ಟ್‌ಮೆಂಟ್ ಅಸೋಸಿಯೇಷನ್ನಿನ ಕಾರ್ಯದರ್ಶಿ, ಅವರ ಜೊತೆ ಪಾರ್ಟಿಯ ವಾರ್ಡ್ ನಾಯಕ. ನನ್ನ ಪಾರ್ಟಿಯವನು. ಹೆಗಲ ಮೇಲೆ ಆ ಬಣ್ಣದ ಶಾಲು ನೋಡಿ ನನಗೆ ಎಷ್ಟು ಸಂತೋಷವಾಯಿತು ಎಂದರೆ, ಸ್ಟೀಲ್ ಲೋಟ ಬಿಟ್ಟು ಪಿಂಗಾಣಿ ಕಪ್ಪಿನಲ್ಲಿ ಕಾಫಿ ಕೊಟ್ಟೆ. ಅವ್ವ ಬಂದು ಮೂಲೆಯ ಕುರ್ಚಿಯಲ್ಲಿ ಕೂತಳು. ನಾಯಕ ಅವ್ವನಿಗೆ ಬಗ್ಗಿ ನಮಸ್ಕಾರ ಮಾಡಿದ, ದೇವಸ್ಥಾನದಲ್ಲಿ ಮಾಡುವ ಹಾಗೆ.

"ಮೇಡಂ ಗಾರು, ನಿಮ್ಮಂಥವರಿಗೆ ಕಷ್ಟ ಆಗ್ತಿದೆ ಅಂತ ಕಾರ್ಯದರ್ಶಿ ಗಾರು ಹೇಳಿದರು," ಎಂದು ಶುರು ಮಾಡಿದ. "ಆ ಹಾಸ್ಟೆಲ್ ವಿಷಯ. ಊರ ಹೊರಗೆ, ಪೆಂದುರ್ತಿಗೂ ಆಚೆಗೆ ಒಂದು ಕಟ್ಟಡ ನೋಡಿದ್ದೇವೆ. ನಾವು ಗೆದ್ದ ಕೂಡಲೇ ಅಲ್ಲಿಗೆ ಕಳಿಸ್ತೇವೆ. ಕಾಲೋನಿ ಕ್ಲೀನ್ ಆಗುತ್ತೆ. ಅಸೋಸಿಯೇಷನ್ನಿಗೆ ಮಾತು ಕೊಟ್ಟಿದ್ದೇವೆ."

ಯಾವ ಕಷ್ಟ ಎಂದು ಕೇಳಿದೆ. ಕಾರ್ಯದರ್ಶಿ ನೀರು ಎಂದರು, ಗಲಾಟೆ ಎಂದರು, ಫ್ಲ್ಯಾಟಿನ ರೇಟು ಬೀಳುತ್ತಿದೆ ಎಂದರು. ಆಮೇಲೆ ಅವ್ವನ ಕಡೆ ನೋಡಿ ದನಿ ತಗ್ಗಿಸಿ, "ನಿಮ್ಮದು ಮಡಿಯ ಮನೆ, ಅಡುಗೆಮನೆ ಕಿಟಕಿಯ ಎದುರಿಗೇ ಅವರ ಟೆರೇಸು, ನಿಮಗೆ ಎಷ್ಟು ಹಿಂಸೆ ಅಂತ ನಮಗೆ ಅರ್ಥವಾಗುತ್ತೆ," ಎಂದರು. ಆ ಕ್ಷಣ ನನಗೆ ಎಲ್ಲ ತಿಳಿಯಿತು. ತಾಂಬೂಲ ತಿಳಿಯಿತು, ನಮಸ್ಕಾರ ತಿಳಿಯಿತು.

"ನಿಮ್ಮ ಪಾರ್ಟಿ ಸಭೆಗಳಲ್ಲಿ ಸಮಾನತೆ, ಆತ್ಮಗೌರವ ಅಂತ ಹೇಳುತ್ತಲ್ಲ?" ಎಂದೆ.

ಅವನು ನಕ್ಕ. ಕೆಟ್ಟ ನಗುವಲ್ಲ, ಮನೆಯವರ ಹತ್ತಿರ ನಗುವ ನಗು. ಅದೇ ಸಹಿಸಲಾಗಲಿಲ್ಲ. "ಅದು ಸಭೆಗೆ ಮೇಡಂ. ಹೇಳಬೇಕು, ಹೇಳ್ತೇವೆ. ಕಾಲೋನಿ ಲೆಕ್ಕ ಬೇರೆ. ಆ ಹುಡುಗಿಯರ ಓಟೆಲ್ಲ ಅವರವರ ಊರಲ್ಲಿ. ಇಲ್ಲಿ ಅವರಿಗೆ ಓಟೇ ಇಲ್ಲ."

ಅವ್ವ ನನ್ನನ್ನು ಕೇಳಿದಳು, "ಏನಂತಾನವಾ ಅಂವ?"

"ಹಿಂದಿನ ಹಾಸ್ಟೆಲ್ ತಗಸ್ತಾನಂತ ಬೇ. ಆ ಮಂದಿ ಇಲ್ಲಿ ಇರಬಾರದಂತ. ನಮಗ ಮೈಲಿಗಿ ಆಗತೈತಂತ."

ಅವ್ವ "ಮತ್ತ ನಾವು ಯಾರು ಅಂತ ತಿಳದಾನ? ಹೇಳ ಅಂವಗ. ನಾವೂ ಅದ ಮಂದಿ ಅಂತ ಹೇಳ," ಎಂದಳು.

ಹೇಳಿದೆ. ತೆಲುಗಿನಲ್ಲಿ, ಒಂದೊಂದೇ ಮಾತು ಬಿಡಿಸಿ. ಕಾರ್ಯದರ್ಶಿಯ ಕೈಯಲ್ಲಿದ್ದ ಕಪ್ಪು ಮೆಲ್ಲಗೆ ಟೀಪಾಯಿಗೆ ಇಳಿಯಿತು, ಅರ್ಧ ಕಾಫಿ ಹಾಗೇ ಇತ್ತು. ನಾಯಕ ಮಾತ್ರ ಪಳಗಿದವನು. ತನ್ನ ಕಪ್ಪು ಎತ್ತಿ ಉಳಿದದ್ದನ್ನೆಲ್ಲ ಗಟಗಟನೆ ಕುಡಿದು, ಖಾಲಿ ಕಪ್ಪನ್ನು ನನಗೆ ಕಾಣುವ ಹಾಗೆ ಇಟ್ಟ. "ನಾನು ಅಂಥದ್ದೆಲ್ಲ ನೋಡೋದೇ ಇಲ್ಲ ಮೇಡಂ. ನೀವು ಬೇರೆ, ಅವರು ಬೇರೆ," ಎಂದ. ನನ್ನ ಮನೆಯ ಕಾಫಿ ಕುಡಿದದ್ದನ್ನು ನನಗೇ ಉಪಕಾರವಾಗಿ ತೋರಿಸುವ ಈ ಮನುಷ್ಯನ ಪಾರ್ಟಿಗೆ ನಾನು ಇಷ್ಟು ವರ್ಷ ಓಟು ಹೊತ್ತುಕೊಂಡು ತಿರುಗಿದ್ದೆ.

ಇನ್ನೊಂದು ಪಾರ್ಟಿಗೆ ಹೋಗಿ ಎನ್ನುತ್ತೀರಿ. ಅವರೂ ಮರುವಾರ ಅಸೋಸಿಯೇಷನ್ನಿಗೆ ಬಂದಿದ್ದರು. ಅವರು ಕೊಟ್ಟ ಮಾತೂ ಅದೇ, ಕಟ್ಟಡ ಮಾತ್ರ ಇನ್ನೂ ದೂರದಲ್ಲಿ.

ನಾಯಕ ಬಂದುಹೋದ ರಾತ್ರಿಯೆಲ್ಲ ಕುದಿದು, ಬೆಳಿಗ್ಗೆ ವಿಜಯವಾಡದ ಕರ್ರಿ ಪಾಯಿಂಟಿಗೆ ಫೋನ್ ಮಾಡಿದೆ. ನಿನ್ನ ಪಾರ್ಟಿ ಏನು ಮಾಡುತ್ತಿದೆ ನೋಡು ಎಂದು ಅವಳ ಮೇಲೇ ಕೂಗಾಡಿದೆ. ಹಿಂದೆ ಒಗ್ಗರಣೆ ಸಿಡಿಯುವ ಸದ್ದು ಕೇಳುತ್ತಿತ್ತು. ಅವಳು ಒಲೆ ಆರಿಸಿ ಮಾತಾಡಿದಳು. "ನನಗೆ ಗೊತ್ತಿಲ್ಲ ಅಂದುಕೊಂಡೆಯಾ ಅಮ್ಮಾ? ಈಗ ಮೆಟ್ಟಿಲ ಮೇಲೆ ಕೂರೋದಕ್ಕೆ ಯಾರೂ ನಮ್ಮನ್ನ ಕಳಿಸೋದಿಲ್ಲ. ಬಾವುಟ ಹೊರೋದಕ್ಕೆ ಕರೀತಾರೆ, ಹೊರ್ತೀವಿ. ಬಿಟ್ಟು ಎಲ್ಲಿಗೆ ಹೋಗಲಿ? ಆ ಕಡೆಯವರು ಬಾವುಟ ಹೊರೋದಕ್ಕೂ ಕರೆಯೋದಿಲ್ಲ." ಅವಳೇ ಮುಂದುವರಿಸಿದಳು, "ಅವನು ಆ ಹುಡುಗಿಯರಿಗೆ ಓಟಿಲ್ಲ ಅಂದನಲ್ಲ, ಹಾಗಾದರೆ ಅಲ್ಲೇ ಓಟು ಮಾಡಿಸು. ನಮ್ಮವರಿಗೆ ಆ ಒಂದು ಭಾಷೆ ಚೆನ್ನಾಗಿ ಅರ್ಥ ಆಗುತ್ತೆ."

ಮಾಡಿಸಿದೆವು. ಓದುವ ಮಕ್ಕಳು ಹಾಸ್ಟೆಲ್ಲಿನ ವಿಳಾಸದಲ್ಲಿ ಓಟು ಪಡೆಯಬಹುದು, ಅದೇನೂ ಕಳ್ಳದಾರಿಯಲ್ಲ. ವಾರ್ಡನ್ ಮೊದಲು ಹೆದರಿದರು, ಹುಡುಗಿಯರು ಹೆದರಲಿಲ್ಲ. ನರ್ಸಿಂಗ್ ಹುಡುಗಿಯೇ ರೂಮು ರೂಮಿಗೆ ಹೋಗಿ ಎಲ್ಲರನ್ನೂ ಎಬ್ಬಿಸಿದಳು. ಭಾನುವಾರಗಳಂದು ನಮ್ಮ ಹಾಲಿನಲ್ಲೇ ಕೂತು ಅರ್ಜಿ ತುಂಬಿದರು. ಅವ್ವ ಬುಟ್ಟಿಗಟ್ಟಲೆ ಗಿರಮಿಟ್ ಕಲಸಿದಳು. ನಮ್ಮ ಮೆಟ್ಟಿಲ ಮೇಲೆ ಅಷ್ಟೊಂದು ಚಪ್ಪಲಿ ಬಿದ್ದಿದ್ದು ಅಪಾರ್ಟ್‌ಮೆಂಟಿನವರಿಗೆಲ್ಲ ಕಂಡಿತು. ಆ ವರ್ಷ ವರಲಕ್ಷ್ಮಿ ವ್ರತಕ್ಕೆ ನನ್ನನ್ನು ಮೊದಲಿಗೂ ಕರೆಯಲಿಲ್ಲ, ಕೊನೆಗೂ ಕರೆಯಲಿಲ್ಲ.

ಹೊಸ ಹೆಸರುಗಳು ಮತದಾರರ ಪಟ್ಟಿಗೆ ಬಂದ ಸುದ್ದಿ ನಾಯಕನಿಗೆ ಮುಟ್ಟಲು ಹೆಚ್ಚು ದಿನ ಬೇಕಾಗಲಿಲ್ಲ. ಒಂದು ಸಂಜೆ ಹಾಸ್ಟೆಲ್ಲಿನ ಮುಂದೆ ಮೈಕು ಬಂತು, ಲಡ್ಡುವಿನ ಡಬ್ಬಗಳು ಬಂದವು. ನಾನು ಅಡುಗೆಮನೆ ಕಿಟಕಿಯಿಂದ ಕೇಳಿಸಿಕೊಂಡೆ. "ನನ್ನ ಪ್ರಾಣ ಇರುವ ತನಕ ಈ ಹಾಸ್ಟೆಲ್ಲನ್ನು ಯಾರೂ ಅಲುಗಾಡಿಸಲಾರರು! ಇದು ನನ್ನ ಅಕ್ಕತಂಗಿಯರ ಮನೆ!" ಹುಡುಗಿಯರು ಚಪ್ಪಾಳೆ ತಟ್ಟಿದರು, ತಟ್ಟದೆ ಏನು ಮಾಡುತ್ತಾರೆ. ನರ್ಸಿಂಗ್ ಹುಡುಗಿ ಒಂದು ಲಡ್ಡು ತಂದು ಅವ್ವನ ಕೈಗಿಟ್ಟು ಅತ್ತಳು. ಹಾಸ್ಟೆಲ್ ದೂರ ಹೋಗದೆ ಅವಳ ಹಾಜರಿ, ಪರೀಕ್ಷೆ ಉಳಿಯಿತು, ನನಗೆ ಅದು ಸಾಕಾಗಬೇಕಿತ್ತು. ಸಾಕಾಗಲಿಲ್ಲ. ಅದೇ ಹುಡುಗಿಯರು, ಅದೇ ಟೆರೇಸು, ಅದೇ ಒಣಹಾಕಿದ ಬಟ್ಟೆ. ಹಿಂದೆ ಗಲೀಜಾಗಿದ್ದವರು ಓಟು ಬಂದ ಕೂಡಲೇ ಅಕ್ಕತಂಗಿಯರಾದರು. ಹುಟ್ಟಿನಿಂದಲೇ ನಮ್ಮದಾಗಿರಬೇಕಾದದ್ದನ್ನು ಇವನು ಲಡ್ಡುವಿನ ಜೊತೆ ಹಂಚುತ್ತಿದ್ದ, ಅದಕ್ಕೆ ಚಪ್ಪಾಳೆ ಬೇರೆ!

ಅಸೋಸಿಯೇಷನ್ನಿನವರ ಕೋಪವೆಲ್ಲ ನನ್ನ ಮೇಲೆ ತಿರುಗಿತು. ನಾಯಕನ ಮೇಲಲ್ಲ ನೋಡಿ, ನನ್ನ ಮೇಲೆ. ಲಿಫ್ಟಿನಲ್ಲಿ ನಾನು ಹತ್ತಿದರೆ ಕೆಲವರಿಗೆ ಇದ್ದಕ್ಕಿದ್ದಂತೆ ಮೆಟ್ಟಿಲು ಹತ್ತುವ ವ್ಯಾಯಾಮ ನೆನಪಾಗುತ್ತಿತ್ತು. ಹದಿನೈದು ದಿನಗಳಲ್ಲಿ ಹೈದರಾಬಾದಿನಿಂದ ಮಾಲೀಕರ ಫೋನು ಬಂತು. ತಮ್ಮ ನೆಂಟರಿಗೆ ಫ್ಲ್ಯಾಟು ಬೇಕಾಗಿದೆ, ಎರಡು ತಿಂಗಳಲ್ಲಿ ಬಿಡಬೇಕು ಎಂದರು. ಎಲ್ಲ ಮನೆ ಮಾಲೀಕರ ನೆಂಟರೂ ಒಂದೇ ಕಾರಣಕ್ಕೆ ಊರಿಗೆ ಬರುತ್ತಾರೆ. ಅಸೋಸಿಯೇಷನ್ನಿನವರು ಏನಾದರೂ ಹೇಳಿದರಾ ಎಂದು ಕೇಳಿದೆ. ಮೊದಲೇ ಹೇಳಬೇಕಿತ್ತಮ್ಮಾ ನೀವು, ಎಂದರು. ಕೇಳಬೇಕಿತ್ತು ನೀವು, ಎಂದು ಫೋನ್ ಇಟ್ಟೆ.

ಅವ್ವನಿಗೆ ಆ ಸಂಜೆ ಬಿಪಿ ಏರಿತ್ತು. ಹುಡುಗಿ ಬಂದು ನೋಡಿ ಮಾತ್ರೆ ಕೊಟ್ಟಳು. ಹೋಗುವಾಗ ಬಾಗಿಲಲ್ಲಿ ನಿಂತು, "ನಮ್ಮಿಂದ ನಿಮಗೆ ಹೀಗಾಯಿತು" ಎಂದಳು. ನಿಮ್ಮಿಂದ ಅಲ್ಲ ಕಣಮ್ಮ ಎಂದು ಹೇಳಿ ಕಳಿಸಿದೆ. ಆಮೇಲೆ ನಾಚಿಕೆ ಬಿಟ್ಟು ನಾಯಕನಿಗೆ ಫೋನ್ ಮಾಡಿದೆ. ನನಗಾಗಿ ಮಾಡಲಿಲ್ಲ, ಅವ್ವನನ್ನು ಆ ವಯಸ್ಸಿನಲ್ಲಿ ಮನೆ ಮನೆ ಅಲೆಸಲಾರದೆ ಮಾಡಿದೆ. ಮಾಲೀಕರ ಹತ್ತಿರ ಒಂದು ಮಾತು ಆಡಿ, ಜಾತಿ ಕೇಳಿ ಮನೆ ಬಿಡಿಸಬಾರದು ಅನ್ನುವುದು ನಿಮ್ಮ ಪಾರ್ಟಿಯ ಮಾತೇ ಅಲ್ಲವೇ ಎಂದು ಕೇಳಿದೆ.

ಅವನು ಬಹಳ ಮರ್ಯಾದೆಯಿಂದ ಮಾತಾಡಿದ. "ಅದು ಓನರ್ ಗಾರಿಯ ಪ್ರೈವೇಟ್ ವಿಷಯ ಮೇಡಂ. ನಾನು ನಡುವೆ ಬಂದರೆ ಇಡೀ ಅಪಾರ್ಟ್‌ಮೆಂಟ್ ಕೈ ತಪ್ಪುತ್ತೆ. ಹಾಸ್ಟೆಲ್ ಅಂದರೆ ಕಟ್ಟಡದ ತುಂಬ ಓಟು. ನಿಮ್ಮದು ಎರಡೇ ಅಲ್ಲವಾ ಅಮ್ಮಾ."

ಒನ್ ಟೌನಿನ ಆ ಸಂಜೆ ನನಗೆ ಅಲ್ಲಿ ಒಂದು ಓಟೂ ಇರಲಿಲ್ಲ. ಆ ಹೆಂಗಸರು ನನ್ನ ಓಟನ್ನು ಎಣಿಸಿ ಮೆಟ್ಟಿಲ ಮೇಲೆ ಕೂತಿರಲಿಲ್ಲ. ಅದಕ್ಕೇ ನಾನು ಅವರ ಪಾರ್ಟಿಯವಳಾದೆ. ಇದನ್ನು ಅವನಿಗೆ ಹೇಳಬೇಕೆಂದು ಬಾಯಿ ತೆರೆದೆ, ಅಷ್ಟರಲ್ಲಿ ಅವನಿಗೆ ಇನ್ನೊಂದು ಕರೆ ಬಂದಿತ್ತು. ನಮ್ಮದು ಎರಡೇ ಓಟು ಅಂದನೆಂದು ಅವ್ವನಿಗೆ ಮಾತ್ರ ಹೇಳಿದೆ.

ಮರ್ರಿಪಾಲೆಂ ಕಡೆ ಒಂದು ಪೋರ್ಷನ್ ಸಿಕ್ಕಿತು. ಮನೆಯೊಳಗೆ ಕಾಲಿಡುವ ಮೊದಲೇ ನಮ್ಮ ಜಾತಿ ಹೇಳಿದೆ. ಆ ಮನೆಯೊಡತಿ ನೀರಿನ ಮೋಟರ್ ಬಗ್ಗೆ ಹೇಳುತ್ತಿದ್ದವಳು, ತಲೆ ಆಡಿಸಿ ಮೋಟರ್ ಬಗ್ಗೆಯೇ ಹೇಳುತ್ತಾ ಹೋದಳು. ಓಟು ಮಾತ್ರ ಕಾಲೋನಿಯಲ್ಲೇ ಇತ್ತು, ಬದಲಾಯಿಸಲಿಲ್ಲ, ಬೇಕೆಂದೇ.

ಓಟಿನ ದಿನ ಬಿಸಿಲೇರುವ ಮೊದಲೇ ಆಟೋ ಮಾಡಿಕೊಂಡು ಇಬ್ಬರೂ ಕಾಲೋನಿಗೆ ಹೋದೆವು. ಸಾಲಿನಲ್ಲಿ ಹಳೆಯ ಅಪಾರ್ಟ್‌ಮೆಂಟಿನವರೂ ಇದ್ದರು, ಹಾಸ್ಟೆಲ್ ಹುಡುಗಿಯರೂ ಇದ್ದರು. ಹುಡುಗಿಯರು ಅವ್ವನನ್ನು ಮುಂದೆ ಕಳಿಸಿದರು. ನಾನು ಕೊನೆಯ ಗುಂಡಿ ಒತ್ತಿದೆ, ಇವರಲ್ಲಿ ಯಾರೂ ಬೇಡ ಎನ್ನುವ ಗುಂಡಿ. ಸಿಟ್ಟಿನಿಂದ ಒತ್ತಿದೆ, ಯಾರೂ ಗೆಲ್ಲದ ಗುಂಡಿ ಎಂದು ಗೊತ್ತಿದ್ದೇ ಒತ್ತಿದೆ. ಅವ್ವ ಏನು ಒತ್ತಿದಳೋ ಹೇಳಲಿಲ್ಲ.

ರಸ್ತೆಯ ತಿರುವಿನಲ್ಲಿ, ಬೂತಿನಿಂದ ದೂರ ಇರಬೇಕಾದಷ್ಟು ದೂರದಲ್ಲಿ, ನಾಯಕ ಹೋಗಿಬರುವವರಿಗೆಲ್ಲ ಕೈ ಮುಗಿಯುತ್ತಾ ನಿಂತಿದ್ದ. ನಮಗೂ ಮುಗಿದ. ನಾನು ಮುಖ ತಿರುಗಿಸಿಕೊಂಡು ಮುಂದೆ ಹೋಗುತ್ತಿದ್ದೆ. ಅವ್ವ ನಿಂತಳು. ನನ್ನ ಎಡಗೈಯ ಮಣಿಕಟ್ಟು ಹಿಡಿದು ಎತ್ತಿದಳು, ತನ್ನ ಎಡಗೈಯನ್ನೂ ಪಕ್ಕಕ್ಕೆ ತಂದಳು. ಇನ್ನೂ ಒಣಗದ ಶಾಯಿಯ ಎರಡು ಬೆರಳುಗಳನ್ನು ಅವನ ಮುಖದ ಎದುರು ಹಿಡಿದು, ತಾನು ಕಲಿತ ನಾಲ್ಕು ಮಾತಿನ ತೆಲುಗಿನಲ್ಲಿ ಹೇಳಿದಳು:

"ರೆಂಡು. ಲೆಕ್ಕಪೆಟ್ಟುಕೋ ನಾಯನಾ."

ಅವನು ಮುಗಿದ ಕೈಯನ್ನು ಹಾಗೇ ಹಿಡಿದುಕೊಂಡು ನಮ್ಮ ಬೆರಳುಗಳನ್ನು ನೋಡಿದ, ಆಮೇಲೆ ನಮ್ಮ ಹಿಂದೆ ಸಾಲಾಗಿ ಬರುತ್ತಿದ್ದ ಹುಡುಗಿಯರ ಬೆರಳುಗಳನ್ನು ನೋಡಿದ. ಆ ಓಟುಗಳೆಲ್ಲ ಯಾರಿಗೆ ಬಿದ್ದವು ಎಂದು ತಿಳಿಯಲು ಅವನಿಗೆ ಯಾವ ದಾರಿಯೂ ಇರಲಿಲ್ಲ. ಅವ್ವ ನನ್ನ ಕೈ ಬಿಟ್ಟು ಆಟೋದವನನ್ನು ಕರೆದಳು.